ಬೋರ್ಡೋ ಮಾಡೋಕೆ ಪಿಎಚ್ ಪೆನ್ನು ತಗೋಬೇಕಾ? ಅಡಿಕೆ ತೋಟದವನ ರಿವ್ಯೂ

ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೆ ಸಿಗೋ, ಹುಳಿ ಕ್ಷಾರ ಎಷ್ಟು ಅಂತ ಅಳೆಯೋ ಹಳದಿ ಬಣ್ಣದ ಪಿಎಚ್ ಪೆನ್ನು ಇದ್ಯಲ್ಲ, ಕಂಪನಿ ಹೆಸರು ಏನೂ ಇರಲ್ಲ, ಹತ್ತು ಜನ ಮಾರೋರು ಒಂದೇ ಫೋಟೋ ಹಾಕಿರ್ತಾರೆ, ಅದರ ಬಗ್ಗೆ ಇದು. ಅಕ್ವೇರಿಯಂ ಇಟ್ಟೋರು, ಹೈಡ್ರೋಪೋನಿಕ್ಸ್ ಮಾಡೋರು ಬೇಕಾದಷ್ಟು ರಿವ್ಯೂ ಬರ್ದಿದಾರೆ, ಆದ್ರೆ ಅಡಿಕೆಗೆ ಹೊಡೆಯೋ ಬೋರ್ಡೋ ಔಷಧಿ ಕಲೆಸೋರು ಯಾರೂ ಬರ್ದಿಲ್ಲ, ಅದಕ್ಕೇ ನಾನು ಬರೀತಿದೀನಿ. ತಗೊಳ್ಳಬಹುದು, ದುಡ್ಡಿಗೆ ಮೋಸ ಇಲ್ಲ. ಆದ್ರೆ ಅದು ಏನು ಅಳೀತದೆ ಏನು ಅಳಿಯಲ್ಲ ಅಂತ ಗೊತ್ತಿಲ್ದೆ ತಗೊಂಡ್ರೆ ಎರಡು ವಾರ ಆಟ ಆಡಿ ಡ್ರಾಯರ್ ಒಳಗೆ ಹಾಕಿಬಿಡ್ತೀರಿ, ಅಷ್ಟೆ.

ಅಡಿಕೆ ಇಲ್ಲದೋರಿಗೆ ಸ್ವಲ್ಪ ಹೇಳ್ಬೇಕು. ಮಲೆನಾಡಲ್ಲಿ ಮಳೆ ಹಿಡೀತು ಅಂದ್ರೆ ಕೊಳೆ ರೋಗ, ಎಳೆ ಅಡಿಕೆ ಎಲ್ಲ ಕೊಳೆತು ಉದುರತ್ತೆ. ಅದಕ್ಕೆ ಔಷಧಿ ಅಂದ್ರೆ ಇವತ್ತಿಗೂ ಮೈಲುತುತ್ತು (ಕಾಪರ್ ಸಲ್ಫೇಟ್) ಸುಣ್ಣ ಕಲೆಸಿದ ಬೋರ್ಡೋ ದ್ರಾವಣವೇ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು, ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೇಲಿ ಇದ್ದೋರು, ಕೊಳೆ ರೋಗದ ಮೇಲೆ ಕೆಲಸ ಮಾಡಿ ಇದನ್ನ ಇಲ್ಲಿ ರೂಢಿಗೆ ತಂದ್ರು. ಮೂಲ ಫ್ರಾನ್ಸ್ ದು, ಬೋರ್ಡೋ ಕಡೆ ದ್ರಾಕ್ಷಿ ತೋಟದೋರು ರಸ್ತೆ ಪಕ್ಕದ ಬಳ್ಳಿಗೆ ಕಳ್ಳರು ಕೈ ಹಾಕ್ಬಾರ್ದು ಅಂತ ನೀಲಿಯಾಗಿ ಬಳೀತಿದ್ರಂತೆ, ಆ ಬಳ್ಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ ಮಿಯಾರ್ಡೆ ಅನ್ನೋ ಪ್ರೊಫೆಸರ್ ಗಮನಿಸಿ 1885ರಲ್ಲಿ ಪ್ರಕಟ ಮಾಡಿದ್ರು. ನಮ್ಮಲ್ಲಿ ಲೆಕ್ಕ ಬಾಯಿಪಾಠ, ಒಂದು ಕೇಜಿ ಮೈಲುತುತ್ತು, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಕಲೆಸಿದ್ಮೇಲೆ ದ್ರಾವಣ ಹುಳಿ ಕಡೆ ನಿಲ್ಲಬಾರದು, ಸಮ ಇಲ್ಲಾ ಸ್ವಲ್ಪ ಕ್ಷಾರ ಇರ್ಬೇಕು. ಹುಳಿ ಉಳಿದ್ರೆ ಬಿಡಿ ತಾಮ್ರ ಜಾಸ್ತಿ ಇದೆ ಅಂತ, ಮಿಳ್ಳೆ (ಎಳೆ ಅಡಿಕೆ) ಸುಟ್ಟುಹೋಗತ್ತೆ.

ಇದನ್ನ ಪರೀಕ್ಷೆ ಮಾಡೋಕೆ ಇದುವರೆಗೂ ನಮ್ಮನೇಲಿ ಇದ್ದಿದ್ದು ಕತ್ತಿ. ಉಜ್ಜಿ ಹೊಳೆಯೋ ಕತ್ತಿನ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಇಟ್ಟು ತೆಗೀಬೇಕು, ಕೆಂಪಗೆ ತಾಮ್ರ ಹತ್ತಿದ್ರೆ ಇನ್ನೂ ಸುಣ್ಣ ಬೇಕು, ಹತ್ತದಿದ್ರೆ ಸರಿ. ಕೃಷಿ ಇಲಾಖೆಯೋರೂ ಇದನ್ನೇ ಹೇಳ್ತಾರೆ, ಇಲ್ಲಾಂದ್ರೆ ಲಿಟ್ಮಸ್ ಕಾಗದ. ಕತ್ತಿಗೆ ಖರ್ಚಿಲ್ಲ ಏನಿಲ್ಲ, ಹಾಗಿದ್ಮೇಲೆ ಪೆನ್ನು ಯಾಕೆ ಅಂತ ಅಪ್ಪಯ್ಯನೇ ಮೊದಲು ಕೇಳಿದ್ದು. ಪ್ರಶ್ನೆ ನ್ಯಾಯವಾದ್ದೇ. ಉತ್ತರ ಏನಪ್ಪಾ ಅಂದ್ರೆ ಕತ್ತಿ ನೋಡೋದು ಆಸಿಡ್ ಅಲ್ವೇ ಅಲ್ಲ. ಅದು ಬಿಡಿ ತಾಮ್ರ ಉಳಿದಿದ್ಯಾ ಅಂತ ಮಾತ್ರ ಹೇಳತ್ತೆ, ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಬಂದು ಕೂರತ್ತೆ, ಅದು ಎಲೆಕ್ಟ್ರಾನ್ ಕೊಡೋ ತಗೊಳ್ಳೋ ವ್ಯವಹಾರ, ಬೇರೆಯದೇ ರಿಯಾಕ್ಷನ್. ಹುಳಿ ಇದ್ರೆ ಬಿಡಿ ತಾಮ್ರನೂ ಇರೋದ್ರಿಂದ ಎರಡೂ ಜೊತೆಗೆ ಹೋಗತ್ತೆ, ಹಂಗಾಗಿ ಕತ್ತಿ ಕೆಲ್ಸಕ್ಕೆ ಬರತ್ತೆ. ಆದ್ರೆ ಕತ್ತಿಗೆ ಹೌದು ಇಲ್ಲ ಬಿಟ್ರೆ ಬೇರೆ ಮಾತು ಬರಲ್ಲ, ಎಷ್ಟು ಅನ್ನೋದು ಹೇಳಲ್ಲ.

ಈಗ ಪೆನ್ನು. ಬಾಕ್ಸ್ ಒಳಗೆ ಪೆನ್ನು, ಸಣ್ಣ ಪೇಪರ್ ಮ್ಯಾನ್ಯುಯಲ್ (ಇಂಗ್ಲಿಷು, ಅದೂ ಅರ್ಥ ಆಗೋ ಇಂಗ್ಲಿಷಲ್ಲ), ಮತ್ತೆ ಪೆನ್ನನ್ನ ಸರಿ ಹೊಂದಿಸೋಕೆ ಪಿಎಚ್ ಮೊದಲೇ ಗೊತ್ತಿರೋ ಬಫರ್ ಪೌಡರ್ ಪ್ಯಾಕೆಟ್ಟು, 4.01, 6.86 ಮತ್ತು 9.18. ಒಂದೊಂದನ್ನೂ 250 ಎಂಎಲ್ ಡಿಸ್ಟಿಲ್ಡ್ ವಾಟರಲ್ಲಿ ಕರಗಿಸ್ಬೇಕು, ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡೀಲಿ ಸಿಗತ್ತೆ, ಬಾವಿ ನೀರು ಹಾಕ್ಬೇಡಿ. ಮೊದಲು 6.86ರಲ್ಲಿ ಅದ್ದಿ ಬಟನ್ ಒತ್ತಿ ಹಿಡೀಬೇಕು, ಆಮೇಲೆ 4.01, ಆಮೇಲೆ 9.18. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತೊಳೆದು ಟಿಶ್ಯೂ ಒತ್ತಿ ನೀರು ತೆಗೀರಿ, ಉಜ್ಜಬೇಡಿ. ತುದೀಲಿ ಇರೋ ಗಾಜಿನ ಗುಂಡೇ ಇದರ ಜೀವ, ಅದರ ಹೊರಗಿನ ಪದರ ಯಾವಾಗ್ಲೂ ಒದ್ದೆ ಇದ್ರೇನೇ ಅದಕ್ಕೆ ಹೈಡ್ರೋಜನ್ ಅಯಾನು ಗೊತ್ತಾಗೋದು. ಒಳಗೂ ಹೊರಗೂ ಇರೋ ವ್ಯತ್ಯಾಸಕ್ಕೆ ಒಂದು ಸಣ್ಣ ವೋಲ್ಟೇಜ್ ಹುಟ್ಟತ್ತೆ, 25 ಡಿಗ್ರೀಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟು, ಪೆನ್ನು ಅದನ್ನೇ ನಂಬರ್ ಮಾಡಿ ತೋರ್ಸೋದು.

ಇಂಥ ಮೀಟರಿನ ಹಿಂದಿನ ಕಥೆನೂ ನಮ್ಮಂಥ ತೋಟದೋರದ್ದೇ. 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಂಬೆ ಕಿತ್ತಲೆ ಬೆಳೆಗಾರರ ಸಂಘದ ಕೆಮಿಸ್ಟ್ ಒಬ್ರಿಗೆ ನಿಂಬೆ ರಸದ ಹುಳಿ ಅಳೆಯೋಕೆ ಕಷ್ಟ ಆಗ್ತಿತ್ತು, ಕಾಲೇಜು ಗೆಳೆಯ ಆರ್ನಲ್ಡ್ ಬೆಕ್ಮನ್ ಹತ್ರ ಹೋಗಿ ಕೇಳಿದ್ರು, ಅವರು ವಾಲ್ವ್ ಆಂಪ್ಲಿಫೈಯರ್ ಹಾಕಿ ಒಂದು ಮೆಷಿನ್ ಮಾಡಿಕೊಟ್ರು. ಆಮೇಲೆ ಅದನ್ನ ಮಾರೋಕೆ ಶುರು ಮಾಡಿದಾಗ ರೇಟು 195 ಡಾಲರ್, ಆ ಕಾಲದಲ್ಲಿ! ಇನ್ನು ಪಿಎಚ್ ಅನ್ನೋ ಅಳತೆನೇ ತಂದವರು ಸೋರೆನ್ಸನ್, 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಲ್ಲಿ. ಹೌದು, ಬಿಯರ್ ಕಂಪನಿಯ ಅದೇ ಕಾರ್ಲ್ಸ್‌ಬರ್ಗ್. 7 ಅಂದ್ರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ, ಒಂದು ನಂಬರ್ ಇಳಿದ್ರೆ ಹುಳಿ ಹತ್ತು ಪಟ್ಟು ಜಾಸ್ತಿ, ಎರಡು ಇಳಿದ್ರೆ ನೂರು ಪಟ್ಟು. ಇದು ನೆನಪಿರಲಿ, ಯಾಕಂದ್ರೆ ಪೆನ್ನಿನ ಡಬ್ಬಿ ಮೇಲೆ 0.1 ಆಚೀಚೆ ಅಂತ ಸಣ್ಣಕ್ಷರದಲ್ಲಿ ಇರತ್ತೆ, ನೋಡೋಕೆ ಚಿಕ್ಕದು, ಲೆಕ್ಕ ಹಾಕಿದ್ರೆ ಹೈಡ್ರೋಜನ್ ಅಯಾನಲ್ಲಿ ಅದು ಕಾಲು ಭಾಗದಷ್ಟು ವ್ಯತ್ಯಾಸ. ಸ್ಕ್ರೀನಲ್ಲಿ ಎರಡು ದಶಾಂಶ ತೋರ್ಸೋದು ಬರೀ ಶೋಕಿ.

ಮೈಲುತುತ್ತು ಕರಗಿಸಿದ ಡ್ರಮ್ಮಿಗೆ ಅದ್ದಿದಾಗ 4.3 ಬಂತು. ಪಕ್ಕದಲ್ಲಿ ಅಣ್ಣನ ಮಗಳು ನಿಂತಿದ್ಲು, ಫಸ್ಟ್ ಪಿಯುಸಿ ಸೈನ್ಸು. "ಚಿಕ್ಕಪ್ಪ, ಇದು ಸಿಯು ಎಸ್‌ಒಫೋರ್ ಅಲ್ವಾ, ಇದ್ರಲ್ಲಿ ಎಚ್ಚೇ ಇಲ್ಲ, ಆಸಿಡ್ ಹೆಂಗಾಯ್ತು, ಪೆನ್ನು ಹಾಳಾಗಿದೆ ನೋಡಿ" ಅಂದ್ಲು. ಪೆನ್ನು ಹಾಳಾಗಿರ್ಲಿಲ್ಲ, ಮತ್ತೆ ಬಫರಲ್ಲಿ ಅದ್ದಿ ತೋರ್ಸಿದೆ. ಅವಳ ಅನುಮಾನ ಮಾತ್ರ ಒಳ್ಳೇದು, ನೂರ ಚಿಲ್ಲರೆ ವರ್ಷದ ಕೆಮಿಸ್ಟ್ರಿ ಜಗಳ ಅದರೊಳಗೇ ಇದೆ, ಮತ್ತೆ ಈ ಪೆನ್ನಿನ ಮಿತಿ ಅರ್ಥ ಆಗೋದೂ ಅಲ್ಲೇ. ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ, ಬೇಡದೋರು ಕೆಳಗೆ ಕಂಪ್ಲೇಂಟ್ ಇರೋ ಕಡೆ ಹೋಗಿ.

ಅವಳು ಹೇಳ್ತಿದ್ದಿದ್ದು ಅರೇನಿಯಸ್ ಲೆಕ್ಕ. ಸ್ವೀಡನ್‌ನವರು, 1884ರಲ್ಲಿ ಉಪ್ಪು ನೀರಲ್ಲಿ ಕರಗಿದ್ರೆ ಅಯಾನುಗಳಾಗಿ ಒಡೆಯತ್ತೆ ಅಂತ ಥೀಸಿಸ್ ಬರೆದ್ರು, ಉಪ್ಸಾಲ ಯೂನಿವರ್ಸಿಟಿಯೋರು ಕೆಳಗಿನ ದರ್ಜೆ ಕೊಟ್ಟು ಪಾಸ್ ಮಾಡಿದ್ರು, ಅದೇ ಕೆಲಸಕ್ಕೆ 1903ರಲ್ಲಿ ನೊಬೆಲ್ ಬಂತು. ನೀರಿಗೆ ಎಚ್ ಪ್ಲಸ್ (ಅದೇ ಹೈಡ್ರೋಜನ್ ಅಯಾನು) ಬಿಟ್ರೆ ಆಸಿಡ್, ಓಎಚ್ ಮೈನಸ್ ಬಿಟ್ರೆ ಬೇಸ್ (ಕ್ಷಾರ), ಮುಗೀತು. ಅದಕ್ಕಿಂತ ಮುಂಚೆ ಲವಾಸಿಯೇ ಅನ್ನೋ ಫ್ರೆಂಚ್ ಕೆಮಿಸ್ಟು ಹುಳಿಗೆಲ್ಲ ಕಾರಣ ಆಕ್ಸಿಜನ್ ಅಂದಿದ್ರು, ಆಮೇಲೆ ಹಂಫ್ರಿ ಡೇವಿ ಬಂದು ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಆಕ್ಸಿಜನ್ನೇ ಇಲ್ವಲ್ಲ ಸ್ವಾಮಿ ಅಂತ ತೋರಿಸಿದ್ರು. ಅರೇನಿಯಸ್ ಹೇಳಿದ್ದು ಅದಕ್ಕಿಂತ ಎಷ್ಟೋ ಗಟ್ಟಿ. ನಮ್ಮ ಸುಣ್ಣಕ್ಕೆ ಸರಿಯಾಗಿ ಕೂರತ್ತೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಓಎಚ್ ಇದೆ, ಸುಣ್ಣದ ತಿಳಿಗೆ ಪೆನ್ನು ಅದ್ದಿದ್ರೆ 12ರ ಮೇಲೆ ಹೋಗತ್ತೆ. ಆದ್ರೆ ವಾಷಿಂಗ್ ಸೋಡಾ? ಅದ್ರಲ್ಲಿ ಓಎಚ್ ಇಲ್ಲ, ಪೆನ್ನು 11 ತೋರ್ಸತ್ತೆ. ಅಡುಗೆ ಸೋಡಾದಲ್ಲೂ ಇಲ್ಲ, 8ರ ಮೇಲಿದೆ. ಅಮೋನಿಯಾದಲ್ಲಿ ಇಲ್ವೇ ಇಲ್ಲ.

ಇಲ್ಲಿಗೆ 1923 ಬರತ್ತೆ. ಕೋಪನ್‌ಹೇಗನ್ನಲ್ಲಿ ಬ್ರೋನ್‌ಸ್ಟೆಡ್, ಇಂಗ್ಲೆಂಡಲ್ಲಿ ಲೋರಿ, ಇಬ್ರೂ ಒಬ್ರಿಗೊಬ್ರು ಹೇಳ್ದೆ ಅದೇ ವರ್ಷ ಒಂದೇ ಮಾತು ಹೇಳಿದ್ರು. ಆಸಿಡ್ ಅಂದ್ರೆ ಪ್ರೋಟಾನ್ (ಅದೇ ಎಚ್ ಪ್ಲಸ್) ಕೊಡೋದು, ಬೇಸ್ ಅಂದ್ರೆ ತಗೊಳ್ಳೋದು. ಕೊಟ್ಟವನು ಕೊಟ್ಟಾದ್ಮೇಲೆ ವಾಪಸ್ ತಗೊಳ್ಳೋಕೆ ರೆಡಿ, ಅದಕ್ಕೆ ಕಾಂಜುಗೇಟ್ ಜೋಡಿ ಅನ್ನೋದು. ಸೋಡಾದ ಕಾರ್ಬೋನೇಟು ನೀರಿಂದ ಪ್ರೋಟಾನ್ ಕಿತ್ಕೊಳ್ಳತ್ತೆ, ಉಳಿಯೋದು ಓಎಚ್, ಹಂಗಾಗಿ 11. ಓಎಚ್ ತರೋದು ಸೋಡಾ ಅಲ್ಲ, ನೀರೇ ಕೊಡೋದು. ಇದರಲ್ಲಿ ನೀರು ಬೇಕೇಬೇಕು ಅಂತನೂ ಇಲ್ಲ. ಕಾಲೇಜ್ ಲ್ಯಾಬಲ್ಲಿ ಅಮೋನಿಯಾ ಬಾಟ್ಲಿ ಬಾಯಿ ಹತ್ರ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಅದ್ದಿದ ಕಡ್ಡಿ ಹಿಡಿದ್ರೆ ಗಾಳೀಲೇ ಬಿಳೀ ಹೊಗೆ ಏಳೋದು ನೆನಪಿರಬಹುದು, ಒಂದು ಗ್ಯಾಸ್ ಪ್ರೋಟಾನ್ ಕೊಟ್ಟು ಇನ್ನೊಂದು ತಗೊಂಡು ಉಪ್ಪಾಗಿದ್ದು ಅದು.

ಮೈಲುತುತ್ತಿನ ವಿಷ್ಯಕ್ಕೆ ಬಂದ್ರೆ, ನೀರಲ್ಲಿ ತಾಮ್ರದ ಅಯಾನು ಒಂಟಿಯಾಗಿ ಇರಲ್ಲ, ಸುತ್ತ ನೀರಿನ ಅಣುಗಳನ್ನ ಎಳ್ಕೊಂಡು ಕೂತಿರತ್ತೆ. ತಾಮ್ರದ ಪ್ಲಸ್ ಚಾರ್ಜು ಆ ನೀರಿನ ಎಲೆಕ್ಟ್ರಾನ್ ತನ್ನ ಕಡೆ ಜಗ್ಗತ್ತೆ, ಆಗ ಆ ನೀರಿನ ಹೈಡ್ರೋಜನ್ ಸಡಿಲ ಆಗತ್ತೆ, ಪಕ್ಕದ ನೀರು ಅದನ್ನ ತಗೊಂಡು ಹೋಗತ್ತೆ. ಪೆನ್ನಿಗೆ ಸಿಕ್ಕಿದ 4.3 ಇದೇ. ಅಂದ್ರೆ ಅವಳು ಹುಡುಕ್ತಿದ್ದ ಎಚ್ಚು ಮೈಲುತುತ್ತಿಂದ ಬಂದಿದ್ದಲ್ಲ, ಬಾವಿ ನೀರಿಂದ ಬಂದಿದ್ದು. ಪಟಿಕ ಹಾಕಿದ ನೀರೂ ಹುಳಿ ಆಗೋದು ಹಿಂಗೇ, ಅಲ್ಲಿ ತಾಮ್ರದ ಬದಲು ಅಲ್ಯುಮಿನಿಯಂ, ಅದು ಇನ್ನೂ ಜೋರಾಗಿ ಜಗ್ಗತ್ತೆ.

ಆದ್ರೆ ತಾಮ್ರ ಮೊದಲು ಮಾಡಿದ ಕೆಲಸ ಏನು? ನೀರಿನ ಎಲೆಕ್ಟ್ರಾನ್ ಜೋಡಿಗೆ ಕೈ ಹಾಕಿದ್ದು. ಅದನ್ನೇ ಆಸಿಡ್ ಅಂತ ಕರೀರಿ ಅಂದೋರು ಬರ್ಕ್ಲಿಯ ಗಿಲ್ಬರ್ಟ್ ಲೂಯಿಸ್, ಅದೂ 1923ರಲ್ಲೇ! ಎಲೆಕ್ಟ್ರಾನ್ ಜೋಡಿ ತಗೊಳ್ಳೋದು ಆಸಿಡ್, ಕೊಡೋದು ಬೇಸ್, ಹೈಡ್ರೋಜನ್ ಇರ್ಲಿ ಬಿಡ್ಲಿ. ಈ ಮೂರರಲ್ಲಿ ನನಗೆ ಜಾಸ್ತಿ ಹಿಡಿಸೋದು ಇದೇ. ಪಾಪ ಅವರಿಗೆ ನೊಬೆಲ್ ಮಾತ್ರ ಬರಲೇ ಇಲ್ಲ, ಎಷ್ಟೋ ಸಲ ನಾಮಿನೇಟ್ ಆಗಿದ್ರೂ. ಅದೇ 1923ರಲ್ಲಿ ನಮ್ಮ ಭದ್ರಾವತೀಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು, ಅದರ ಕುಲುಮೆಗೆ ಅದಿರಿನ ಜೊತೆ ಸುಣ್ಣದ ಕಲ್ಲು ಹಾಕ್ತಿದ್ರು, ಅದಿರಲ್ಲಿರೋ ಮರಳಿನಂಶ ಅನ್ನೋ ಆಸಿಡ್ಡನ್ನ ಸುಣ್ಣ ಅನ್ನೋ ಬೇಸು ಹಿಡ್ಕೊಂಡು ಕಿಟ್ಟ ಆಗಿ ಹೊರಗೆ ಬರತ್ತೆ. ಒಂದು ಹನಿ ನೀರಿಲ್ಲ, ಒಂದು ಹೈಡ್ರೋಜನ್ ಇಲ್ಲ, ಆದ್ರೂ ಪಕ್ಕಾ ಆಸಿಡ್ ಬೇಸ್ ರಿಯಾಕ್ಷನ್.

ಇಲ್ಲೇ ಪೆನ್ನು ಕೈ ಎತ್ತಿಬಿಡೋದು. ಅದಕ್ಕೆ ಕಾಣೋದು ನೀರಲ್ಲಿರೋ ಹೈಡ್ರೋಜನ್ ಅಯಾನು ಒಂದೇ. ಲೂಯಿಸ್ ಆಸಿಡ್ ಅಂತ ಏನಿದ್ಯೋ ಅದು ನೀರಲ್ಲಿ ಇಳಿದು ಎಚ್ ಪ್ಲಸ್ ಎಬ್ಬಿಸಿದ್ರೆ ಮಾತ್ರ ಇದಕ್ಕೆ ಸುದ್ದಿ ಮುಟ್ಟತ್ತೆ. ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪೌಡರ್ ನೀರಿಗೆ ಹಾಕಿ ನೋಡಿದ್ವಿ, 5ರ ಆಸುಪಾಸು ಬಂತು. ಪುಸ್ತಕದಲ್ಲಿ ಎಚ್3ಬಿಒ3 ಅಂತ ಮೂರು ಎಚ್ ಬರ್ದಿರ್ತಾರೆ, ಹುಡುಗರೆಲ್ಲ ಮೂರು ಪ್ರೋಟಾನ್ ಬಿಡತ್ತೆ ಅನ್ಕೋತಾರೆ, ಆದ್ರೆ ಅದು ತನ್ನದೊಂದೂ ಬಿಡಲ್ಲ, ನೀರಿನ ಓಎಚ್ಚನ್ನ ತಾನು ಹಿಡ್ಕೊಳ್ಳತ್ತೆ, ಒಂಟಿಯಾದ ಎಚ್ ಪ್ಲಸ್ಸು ಹೊರಗೆ ಉಳಿಯತ್ತೆ. ಪೆನ್ನಿನ ನಂಬರ್ ನೋಡಿ ಇದು ಯಾವ ಜಾತಿ ಆಸಿಡ್ ಅಂತ ಹೇಳೋಕೆ ಆಗಲ್ಲ. ಕೊಬ್ಬರಿ ಎಣ್ಣೆ, ಡೀಸೆಲ್ಲು, ಪೆಟ್ರೋಲಲ್ಲಿ ಅದ್ದಿ "ನೋಡಿ 6.2 ಬಂತು" ಅಂತ ವಿಡಿಯೋ ಹಾಕೋರು ಇದಾರೆ, ಆ ನಂಬರಿಗೆ ಅರ್ಥನೇ ಇಲ್ಲ, ಗಾಜಿನ ಗುಂಡು ಹಾಳಾಗೋದೊಂದೇ ಲಾಭ.

ಸರಿ, ಬೋರ್ಡೋಗೆ ವಾಪಸ್. ಒಂದು ಲೆಕ್ಕ ಹಾಕಿ ನೋಡಿ, ಒಂದು ಕೇಜಿ ಮೈಲುತುತ್ತಲ್ಲಿರೋ ತಾಮ್ರಕ್ಕೆ ಶುದ್ಧ ಅರಳಿದ ಸುಣ್ಣ ಬೇಕಾಗೋದು ಸುಮಾರು 300 ಗ್ರಾಂ ಅಷ್ಟೆ. ಹಾಗಾದ್ರೆ ಒಂದು ಕೇಜಿ ಯಾಕೆ? ಯಾಕಂದ್ರೆ ನಮಗೆ ಸಿಗೋ ಸುಣ್ಣ ಸುಣ್ಣವಾಗಿ ಇರಲ್ಲ. ಅಂಗಡೀಲಿ ಚೀಲ ಬಾಯಿ ಬಿಟ್ಟು ತಿಂಗಳುಗಟ್ಟಲೆ ಇಟ್ಟಿರ್ತಾರೆ, ಗಾಳೀಲಿರೋ ಕಾರ್ಬನ್ ಡೈ ಆಕ್ಸೈಡ್ ಕುಡಿದು ಅರ್ಧ ವಾಪಸ್ ಕಲ್ಲಾಗಿರತ್ತೆ, ಮೇಲಿಂದ ಮಣ್ಣು ಹರಳು. ಪೆನ್ನು ನಿಜವಾಗ್ಲೂ ದುಡಿದಿದ್ದು ಇಲ್ಲೇ. ಹೊಸ ಚಿಪ್ಪಿನ ಸುಣ್ಣ ನೀರಲ್ಲಿ ಬೇಯಿಸಿ ಸೋಸಿ, ಅದಕ್ಕೆ ಮೈಲುತುತ್ತಿನ ನೀರು ಸಣ್ಣಗೆ ಹೊಯ್ದು ಕಲೆಸಿ ನೋಡಿದ್ರೆ 11 ದಾಟಿ ನಿಂತಿತ್ತು, ಆಕಾಶನೀಲಿ ಮೊಸರಿನಂಗೆ ಬಂತು. ಪೇಟೆಯಿಂದ ತಂದ ಹಳೇ ಪುಡಿ ಸುಣ್ಣದಲ್ಲಿ ಅದೇ ಒಂದು ಕೇಜಿ ಹಾಕಿದ್ರೂ 6 ಚಿಲ್ಲರೇಲೇ ತಿಣುಕ್ತಿತ್ತು, ಬಣ್ಣನೂ ಹಸಿರು ತಿರುಗಿದ ನೀಲಿ. ಕತ್ತಿಗೆ ತಾಮ್ರ ಹತ್ತಿದ್ದೂ ಅಷ್ಟಕ್ಕಷ್ಟೇ, ಹತ್ತಿದ್ಯೋ ಇಲ್ವೋ ಅಂತ ಅಪ್ಪಯ್ಯ, ಮರ ಹತ್ತೋ ಕೊನೆಗಾರ ಇಬ್ರೂ ಕನ್ನಡಕ ಹಾಕ್ಕೊಂಡು ವಾದ ಮಾಡೋ ಹಂಗಿತ್ತು, ಪೆನ್ನು ಬಂದ್ಮೇಲೆ ಆ ವಾದ ನಿಂತಿದೆ. ಇನ್ನೊಂದು, ಲೆಕ್ಕದಲ್ಲಿ 300 ಗ್ರಾಂ ಸಾಕು ಅಂತ ಸುಣ್ಣ ಕಡಿಮೆ ಮಾಡೋಕೆ ಹೋಗ್ಬೇಡಿ, ಮಳೇಲಿ ಮರ ಹತ್ತಿ ಹೊಡೆಯೋ ಔಷಧಿ, ಗೊನೆ ಸುಟ್ಟಮೇಲೆ ಪೆನ್ನು ತೋರ್ಸಿ ಏನೂ ಉಪಯೋಗ ಇಲ್ಲ.

ಮನೆ ಒಳಗೆ ಅದ್ದಿದ್ದು ಲೆಕ್ಕವಿಲ್ಲ, ಅದು ಬಿಡಿ, ಎಲ್ರೂ ಮಾಡ್ತಾರೆ. ನಿಂಬೆ ರಸ 2.3, ಹುಣಸೆ ನೀರು 3ರೊಳಗೆ, ಹಾಲು 6.7, ಮಜ್ಜಿಗೆ 4.3, ದೋಸೆ ಹಿಟ್ಟು ರುಬ್ಬಿದಾಗ 6, ಬೆಳಗ್ಗೆ ಉಕ್ಕಿದಾಗ 4.5. ಹಿಟ್ಟಲ್ಲಿ ಅದ್ದಿದ್ರೆ ಆಮೇಲೆ ತೊಳೆಯೋದು ಕರ್ಮ. ಹಲಸಿನ ಹಣ್ಣಿಗೂ ಅದ್ದೋಕೆ ಹೋದ್ಲು ಹುಡುಗಿ, ಮೇಣ ಹತ್ತತ್ತೆ ಮಾರಾಯ್ತಿ ಅಂತ ತಡೆದೆ. ಟಾಯ್ಲೆಟ್ ಕ್ಲೀನರಿಗೆ ದಯವಿಟ್ಟು ಹಾಕ್ಬೇಡಿ.

ಆರ್‌ಓ ನೀರಿನ ವಿಷ್ಯ ಮಾತ್ರ ಹೇಳಲೇಬೇಕು, ಯಾಕಂದ್ರೆ ಇಂಥದೇ ಪೆನ್ನು ಹಿಡ್ಕೊಂಡು ಮನೆಮನೆಗೆ ಬಂದು ಆಲ್ಕಲೈನ್ ನೀರಿನ ಮೆಷಿನ್ ಮಾರೋರು ಇದಾರೆ. ನಿಮ್ಮ ಆರ್‌ಓ ನೀರಿಗೆ ಅದ್ದಿ 5.8 ತೋರ್ಸಿ ಅಯ್ಯೋ ಇದು ಆಸಿಡ್ಡು ಅಂತಾರೆ. ಶುದ್ಧ ನೀರು ಗಾಳಿಗೆ ಬಿಟ್ರೆ ಕಾರ್ಬನ್ ಡೈ ಆಕ್ಸೈಡ್ ಕರಗಿ 5.6ರ ಹತ್ರ ಬರೋದು ಸಹಜ, ಮಳೆ ನೀರೂ ಅಷ್ಟೇ. ಅದರಲ್ಲಿರೋ ಹುಳಿ ಎಷ್ಟು ಕಡಿಮೆ ಅಂದ್ರೆ ನಿಂಬೆ ಹನಿ ಒಂದು ಬಿದ್ರೆ ಲೆಕ್ಕವೇ ತಲೆಕೆಳಗು. ಹೊಟ್ಟೆ ಒಳಗೆ ಮೊದಲೇ ಹೈಡ್ರೋಕ್ಲೋರಿಕ್ ಆಸಿಡ್ ಇದೆ, ಅದರ ಮುಂದೆ ಈ 5.8 ಏನು ಮಹಾ. ಕುಡಿಯೋ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳೋದು 6.5ರಿಂದ 8.5 ನಿಜ, ಆದ್ರೆ ಅಯಾನು ಕಮ್ಮಿ ಇರೋ ನೀರಲ್ಲಿ ಈ ಪೆನ್ನು ನಿಲ್ಲೋದೇ ಇಲ್ಲ, ಅಲ್ಲಾಡ್ತಾನೇ ಇರತ್ತೆ, ಯಾವ ನಂಬರಲ್ಲಿ ಬೇಕೋ ಅಲ್ಲಿ ಕೈ ತೆಗೆದು ತೋರ್ಸಬಹುದು. ಮತ್ತೆ ಬಿಸಿ ನೀರಿಗೆ ಅದ್ದಿ 7ಕ್ಕಿಂತ ಕಡಿಮೆ ಬಂತು ಅಂತ ಗಾಬರಿ ಆಗ್ಬೇಡಿ, 7 ಸಮ ಅನ್ನೋದು 25 ಡಿಗ್ರೀಲಿ ಮಾತ್ರ, ನೂರು ಡಿಗ್ರೀಲಿ ಸಮ ಅಂದ್ರೇನೇ 6.1ರ ಹತ್ರ.

ಮಣ್ಣಿಗೂ ಆಗತ್ತೆ, ನೇರ ಚುಚ್ಚಬೇಡಿ, ಗುಂಡು ಒಡೀತದೆ. ಒಣಗಿಸಿ ಜರಡಿ ಹಿಡಿದ ಮಣ್ಣು ಒಂದು ಭಾಗ, ನೀರು ಎರಡೂವರೆ ಭಾಗ, ಕಲೆಸಿ ಅರ್ಧ ಗಂಟೆ ಬಿಟ್ಟು ಆಮೇಲೆ ಅದ್ದಿ. ನಮ್ಮ ತೋಟದ್ದು 5.3 ಬಂತು, ಮಣ್ಣು ಪರೀಕ್ಷೆ ರಿಪೋರ್ಟಿಗೂ ಅದಕ್ಕೂ ಹೆಚ್ಚು ದೂರ ಇರಲಿಲ್ಲ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ಹುಳಿಯಾಗೋದು ಗೊತ್ತಿರೋದೇ.

ಇನ್ನು ಕಂಪ್ಲೇಂಟು. ಒಂದು, ನನಗೆ ಕಳಿಸಿದ ಡಬ್ಬೀಲಿ ಪೆನ್ನಿನ ಕ್ಯಾಪು ಒಣಗಿಹೋಗಿತ್ತು, ಒಳಗೆ ಇರ್ಬೇಕಾದ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣ ಇರಲೇ ಇಲ್ಲ, ಗುಂಡು ಒಣಗಿ ಮೊದಲನೇ ದಿನ ರೀಡಿಂಗ್ ಎಲ್ಲೆಲ್ಲೋ ಓಡ್ತಿತ್ತು. ಮಾರಿದವರಿಗೆ ಮೆಸೇಜ್ ಹಾಕಿದ್ರೆ ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿಡಿ ಸರ್ ಅಂತ ಉತ್ತರ! ಅದು ಮಾಡಬಾರದ ಕೆಲಸ, ಡಿಸ್ಟಿಲ್ಡ್ ವಾಟರಲ್ಲಿ ಇಟ್ರೆ ಒಳಗಿನ ಉಪ್ಪೇ ಹೊರಗೆ ಹೋಗತ್ತೆ. 3 ಮೋಲಾರ್ ಕೆಸಿಎಲ್ ಬೇರೆ ತರಿಸಿ ರಾತ್ರಿಯಿಡೀ ನೆನೆಸಿದ್ಮೇಲೆ ದಾರಿಗೆ ಬಂತು. ಎರಡು, ಬೋರ್ಡೋಲಿ ಅದ್ದಿದ ಪ್ರತಿ ಸಲ ನೀಲಿ ಗಸಿ ಗುಂಡಿಗೆ ಹತ್ತತ್ತೆ, ತಕ್ಷಣ ತೊಳೀದಿದ್ರೆ ಮುಂದಿನ ರೀಡಿಂಗ್ ಸುಳ್ಳು. ನಾನು ವಿನೆಗರ್ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೀತೀನಿ, ಹೋಗತ್ತೆ. ಮೂರು, 12ರ ಮೇಲಿನ ನಂಬರ್ ನಂಬಬೇಡಿ, ಅಷ್ಟು ಕ್ಷಾರದಲ್ಲಿ ಗಾಜಿಗೆ ಹೈಡ್ರೋಜನ್ ಸಿಗದೆ ಸೋಡಿಯಂ ಇದ್ರೆ ಅದನ್ನೂ ಎಣಿಸೋಕೆ ಶುರು ಮಾಡತ್ತೆ. ನಾಲ್ಕು, ವಾಟರ್‌ಪ್ರೂಫ್ ಅಂತ ಹಾಕಿದಾರೆ, ಅಲ್ಲ. ಜೂನ್ ತಿಂಗಳಲ್ಲಿ ಕೊಟ್ಟಿಗೆ ಮಾಡಿನ ಕೆಳಗೆ ಇಟ್ಟಿದ್ದಕ್ಕೇ ಸ್ಕ್ರೀನ್ ಒಳಗೆ ಹಬೆ ಕೂತಿತ್ತು.

ಅರ್ಧ ಎಕರೆ ಒಂದು ಎಕರೆ ಇರೋರಿಗೆ, ಸುಣ್ಣ ಯಾವಾಗ್ಲೂ ಒಂದೇ ಕಡೆ ಹೊಸದು ತರೋರಿಗೆ, ಕತ್ತಿ ಮತ್ತೆ ಲಿಟ್ಮಸ್ ಸಾಕು, ಇದು ಬೇಡ. ಆಳು ಬಿಟ್ಟು ಡ್ರಮ್ ಮೇಲೆ ಡ್ರಮ್ ಕಲೆಸೋರು ತಗೊಳ್ಳಿ. ಮನೇಲಿ ಪಿಯುಸಿ ಓದೋರು ಇದ್ರೆ ಖಂಡಿತ ತಗೊಳ್ಳಿ, ಈಕ್ವಿಲಿಬ್ರಿಯಂ ಚಾಪ್ಟರಿಗೆ ಟ್ಯೂಷನ್ ಫೀಸ್ ಕೊಡೋಕಿಂತ ಅಗ್ಗ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಕಳೆದಿದ್ದರಲ್ಲಿ ಅರ್ಧ ಪೆನ್ನಿಗಲ್ಲ, ಆ ಮ್ಯಾನ್ಯುಯಲ್ಲಿಗೆ. ಆರ್ಡರ್ ಹಾಕೋಕೆ ಮುಂಚೆ ಕೆಸಿಎಲ್ ಬಾಟ್ಲಿ ಜೊತೆಗೆ ಬರತ್ತಾ ಅಂತ ಕೇಳಿ, ಬರಲ್ಲ ಅಂದ್ರೆ ಅದನ್ನೂ ಜೊತೆಗೇ ಹಾಕಿ, ಮತ್ತೆ ಬಟನ್ ಸೆಲ್ಲು ಒಂದು ಜೊತೆ ಎಕ್ಸ್ಟ್ರಾ ಇಟ್ಕೊಳ್ಳಿ, ಸ್ಪ್ರೇ ದಿನವೇ ಸೆಲ್ ಹೋದ್ರೆ ಹಳ್ಳೀಲಿ ಸಿಗಲ್ಲ.